ಹಾಮೆಲ್ನ್‌ನ ಕೊಳಲುಗಾರ: ಮಕ್ಕಳಿಗಾಗಿ ಬರೆಯುವವರ, ಚಿತ್ರ ಬಿಡಿಸುವವರ ಪ್ರಶ್ನೆಗಳು

ಇಲಿಗಳನ್ನು ಊರಿನಿಂದ ಹೊರಡಿಸಿ, ಕೂಲಿ ಸಿಗದೆ ಮಕ್ಕಳನ್ನೇ ಕರೆದುಕೊಂಡು ಹೋದ ಕೊಳಲುಗಾರನ ಐತಿಹ್ಯ ಜರ್ಮನಿಯ ಹಾಮೆಲ್ನ್ ಊರಿನದು. ಇಂಗ್ಲಿಷ್ ಓದಿದವರಿಗೆ ಅದು ಹ್ಯಾಮೆಲಿನ್. ಕನ್ನಡದ ಮಕ್ಕಳಿಗೆ ಇದೇ ಕಥೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ತುಂಗೆಯ ದಡಕ್ಕೆ ಬಂದು ನೆಲೆಸಿದೆ. ಮೂಲದ ಊರಲ್ಲೇ ನಡೆಯುವ ಹಾಗೆ ಇದನ್ನು ಕನ್ನಡದಲ್ಲಿ ಚಿತ್ರಪುಸ್ತಕ ಮಾಡಬೇಕೆಂದು ಹೊರಟವರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರಿಸುತ್ತಿದ್ದೇವೆ.

ಪ್ರಶ್ನೆ: ನಾಲ್ಕನೇ ತರಗತಿಯ ಮಕ್ಕಳಿಗಾಗಿ ಕಥೆಯನ್ನು ಸರಳ ಗದ್ಯದಲ್ಲಿ ಬರೆಯುತ್ತಿದ್ದೇನೆ. ಒಂದು ಕಡೆ ಇಸವಿ 1284 ಎಂದಿದೆ, ಇನ್ನೊಂದು ಕಡೆ 1376. ಒಂದರಲ್ಲಿ ಹಿಂದೆ ಉಳಿದವನು ನಡೆಯಲು ಕಷ್ಟಪಡುವ ಒಬ್ಬ ಹುಡುಗ, ಇನ್ನೊಂದರಲ್ಲಿ ಇಬ್ಬರು ಮಕ್ಕಳು. ಯಾವುದನ್ನು ಹಿಡಿಯಲಿ? — ಶಿಕ್ಷಕಿ, ಧಾರವಾಡ

ಉತ್ತರ: ಎರಡನ್ನೂ ಬೆರೆಸಬೇಡಿ. ಈ ಕಥೆ ಮಕ್ಕಳ ಪುಸ್ತಕಗಳಲ್ಲಿ ಕೆಡುವುದು ಬಹುಪಾಲು ಇಲ್ಲೇ.

1376ರ ಜುಲೈ 22 ಎಂಬುದು ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರ ತನ್ನ ಪದ್ಯದಲ್ಲಿ ಕೊಟ್ಟ ದಿನಾಂಕ. ಸಾವಿರ ಗಿಲ್ಡರ್ ಕೂಲಿ, ಕೊನೆಗೆ ‘ಐವತ್ತು ತಗೋ’ ಎನ್ನುವ ಪುರಸಭೆಯ ಅಧ್ಯಕ್ಷ, ಕುಂಟುತ್ತಾ ಹಿಂದೆ ಬಿದ್ದು ಬೆಟ್ಟದ ಬಾಗಿಲು ತಪ್ಪಿಸಿಕೊಂಡ ಹುಡುಗ, ಈಜಿ ಬದುಕಿದ ಒಂದೇ ಒಂದು ಇಲಿ, ಇವೆಲ್ಲ ಆ ಪದ್ಯದಿಂದ ಬಂದವು. ಕಾಯಿಲೆಯಿಂದ ಮಲಗಿದ್ದ ವಿಲ್ಲಿ ಮೆಕ್ರೆಡಿ ಎಂಬ ಹುಡುಗ ಚಿತ್ರ ಬಿಡಿಸಿಕೊಂಡು ಕಾಲ ಕಳೆಯಲಿ ಎಂದೇ ಬ್ರೌನಿಂಗ್ ಅದನ್ನು ಬರೆದದ್ದು. ಪದ್ಯದ ಒಂದೊಂದು ಭಾಗವೂ ಒಂದೊಂದು ಚಿತ್ರದಂತೆ ಇರುವುದು ಅದಕ್ಕೇ.

1284ರ ಜೂನ್ 26, ಸಂತ ಜಾನ್ ಮತ್ತು ಪಾಲ್ ಅವರ ಹಬ್ಬದ ದಿನ, ಎಂಬುದು ಹಾಮೆಲ್ನ್ ಊರೇ ಹೇಳಿಕೊಂಡು ಬಂದ ದಿನಾಂಕ. ಗ್ರಿಮ್ ಸಹೋದರರು 1816ರಲ್ಲಿ ಜರ್ಮನ್ ಐತಿಹ್ಯಗಳ ಸಂಗ್ರಹದ ಮೊದಲ ಸಂಪುಟ ತಂದಾಗ ಈ ದಿನಾಂಕವನ್ನೇ ಇಟ್ಟರು. ಅಲ್ಲಿ ಹೋದ ಮಕ್ಕಳು 130. ಎಲ್ಲರೂ ನಾಲ್ಕು ವರ್ಷ ಮೇಲ್ಪಟ್ಟವರು; ನಡುವೆ ಪುರಸಭೆಯ ಅಧ್ಯಕ್ಷನ ಪ್ರಾಯಕ್ಕೆ ಬಂದ ಮಗಳೂ ಇದ್ದಾಳೆ. ತೋಳಲ್ಲಿ ಮಗುವನ್ನೆತ್ತಿಕೊಂಡ ಒಬ್ಬ ದಾದಿ ದೂರದಿಂದ ಹಿಂಬಾಲಿಸಿ, ನೋಡಿ, ಓಡಿ ಬಂದು ಊರಿಗೆ ಸುದ್ದಿ ಕೊಡುತ್ತಾಳೆ. ಕಣ್ಣು ಕಾಣದ ಒಂದು ಮಗು, ಮಾತು ಬಾರದ ಒಂದು ಮಗು ತಡವಾಗಿ ಮರಳುತ್ತವೆ. ಅಂಗಿಯಲ್ಲೇ ಓಡಿ ಬಂದ ಹುಡುಗನೊಬ್ಬ ಕೋಟು ತರಲು ಮನೆಗೆ ಹೋಗಿ ಬರುವಷ್ಟರಲ್ಲಿ ಉಳಿದವರು ಬೆಟ್ಟದೊಳಗೆ ಸೇರಿಬಿಟ್ಟಿರುತ್ತಾರೆ.

ನಮ್ಮ ಅಭಿಪ್ರಾಯ ಸ್ಪಷ್ಟ: ಗದ್ಯದಲ್ಲಿ ಬರೆಯುವವರು ಗ್ರಿಮ್ ಹಾದಿ ಹಿಡಿಯಲಿ. ಬ್ರೌನಿಂಗ್‌ನಲ್ಲಿ ರಂಜನೆ ಇರುವುದು ಪ್ರಾಸದಲ್ಲಿ, ಪುರಸಭೆಯ ಗೇಲಿಯಲ್ಲಿ. ಪ್ರಾಸ ತೆಗೆದರೆ ಗೇಲಿ ಮಾತ್ರ ಉಳಿದು ಮಕ್ಕಳು ಕಾಣೆಯಾದ ದುಃಖ ಹಗುರವಾಗಿಬಿಡುತ್ತದೆ. ಗ್ರಿಮ್‌ನ ಸಣ್ಣ ಸಣ್ಣ ವಿವರಗಳು ಹಾಗಲ್ಲ. ಕೋಟು ತರಲು ಹೋದ ಹುಡುಗ ಅರ್ಧ ಸಾಲಿನಲ್ಲಿ ಬಂದು ಹೋಗುತ್ತಾನೆ, ಆದರೆ ಕಥೆ ಮುಗಿದ ಮೇಲೂ ಮಕ್ಕಳು ಕೇಳುವುದು ಅವನ ಬಗ್ಗೆಯೇ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ: ಅತಿ ಹಳೆಯ ದಾಖಲೆಗಳಲ್ಲಿ ಇಲಿಗಳೇ ಇಲ್ಲ. 15ನೆಯ ಶತಮಾನದ ಮಧ್ಯದ, ಜರ್ಮನಿಯ ಲ್ಯೂನೆಬರ್ಗ್ ಊರಿನ ಹಸ್ತಪ್ರತಿಯಲ್ಲಿ ಸುಮಾರು ಮೂವತ್ತರ ಪ್ರಾಯದ, ಚೆನ್ನಾಗಿ ಉಡುಪು ತೊಟ್ಟ ಚೆಲುವ ಯುವಕನೊಬ್ಬ ಸೇತುವೆ ದಾಟಿ ಬರುತ್ತಾನೆ, ಬೆಳ್ಳಿಯ ಕೊಳಲು ನುಡಿಸುತ್ತಾನೆ, 130 ಮಕ್ಕಳು ಅವನ ಹಿಂದೆ ಹೋಗುತ್ತಾರೆ. ಅಷ್ಟೇ. ಇಲಿ, ಕೂಲಿ, ಮಾತು ತಪ್ಪುವುದು ಇವು ಬಂದು ಸೇರಿದ್ದು 16ನೆಯ ಶತಮಾನದ ನಡುಭಾಗದ ಹೊತ್ತಿಗೆ. ಮಕ್ಕಳು ನಿಜವಾಗಿ ಎಲ್ಲಿಗೆ ಹೋದರು ಎಂಬುದಕ್ಕೆ ವಿದ್ವಾಂಸರು ಹಲವು ವಿವರಣೆ ಕೊಟ್ಟಿದ್ದಾರೆ. ಹೆಚ್ಚು ಬಲವಾಗಿ ನಿಂತಿರುವುದು ವಲಸೆಯ ವಾದ: ಪೂರ್ವದ ಹೊಸ ನಾಡುಗಳಲ್ಲಿ ನೆಲೆಸಲು ಊರೂರಿನಿಂದ ಹರೆಯದವರನ್ನು ಕರೆದೊಯ್ಯುವ ಮಧ್ಯಸ್ಥರು ಆ ಕಾಲದಲ್ಲಿದ್ದರು, ಕೊಳಲುಗಾರ ಅಂಥವರಲ್ಲಿ ಒಬ್ಬನಿರಬಹುದು ಎಂದು. ಇದನ್ನು ಕಥೆಯ ಒಳಗೆ ತುರುಕಬೇಡಿ. ಕೊನೆಯ ಪುಟದಲ್ಲಿ ದೊಡ್ಡವರಿಗೆಂದು ನೂರೈವತ್ತು ಪದಗಳ ಟಿಪ್ಪಣಿ ಬರೆದರೆ ಸಾಕು.

ಪ್ರಶ್ನೆ: ಮರದ ಚೌಕಟ್ಟಿನ ಅಲಂಕಾರದ ಮನೆಗಳು, ಗರಿ ಸಿಕ್ಕಿಸಿದ ಟೋಪಿ, ಗಡಿಯಾರದ ಗೋಪುರ, ಹೀಗೆ ಕರಡು ಚಿತ್ರಗಳನ್ನು ಮಾಡಿದ್ದೇನೆ. 1284ಕ್ಕೆ ಇವು ಸರಿಹೊಂದುತ್ತವೆಯೇ? — ಚಿತ್ರಕಾರ, ಮಂಗಳೂರು

ಉತ್ತರ: ಬಹುತೇಕ ಹೊಂದುವುದಿಲ್ಲ. ಇಂದು ಹಾಮೆಲ್ನ್ ಫೋಟೋಗಳಲ್ಲಿ ಕಾಣುವ ಕೆತ್ತನೆಯ ಮುಂಗೋಡೆಗಳು, ಮೆಟ್ಟಿಲು ಮೆಟ್ಟಿಲಾದ ತ್ರಿಕೋನಗಳು ವೇಸರ್ ನದಿ ಸೀಮೆಯ ‘ವೇಸರ್ ರೆನೆಸಾನ್ಸ್’ ಎಂಬ ಕಟ್ಟಡ ಶೈಲಿಯವು. ‘ಇಲಿ ಹಿಡಿಯುವವನ ಮನೆ’ ಎಂದು ಹೆಸರಾದ ಕಟ್ಟಡ ಕಟ್ಟಿದ್ದು 1602-03ರಲ್ಲಿ. ‘ಮದುವೆ ಮನೆ’ ಎಂಬ ಇನ್ನೊಂದು ಕಟ್ಟಡ 1610ರಿಂದ 1617ರ ನಡುವೆ. ಕಥೆ ನಡೆದು ಮುನ್ನೂರು ವರ್ಷ ಕಳೆದ ಮೇಲೆ! 1284ಕ್ಕೆ ಮರದ ಕಂಬ-ತೊಲೆಗಳ ನಡುವೆ ಹೆಣೆದ ಕಡ್ಡಿಗೆ ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಅಥವಾ ಮರದ ಹಲಗೆಯ ಸೂರು, ಗಾಜಿಲ್ಲದ, ಹಲಗೆಬಾಗಿಲಿನ ಕಿಟಕಿ, ಕೆಸರಿನ ಓಣಿ ಬರೆಯಿರಿ. ಕಲ್ಲಿನ ಕಟ್ಟಡವೆಂದರೆ ಚರ್ಚು ಮತ್ತು ಊರಿನ ಕೋಟೆಗೋಡೆ. ಗೋಪುರದಲ್ಲಿ ಗಡಿಯಾರದ ಮುಖ ಬೇಡ, ಗಂಟೆ ಸಾಕು. ಪುರಸಭೆಯ ಹಿರಿಯರಿಗೆ ಕನ್ನಡಕ ಹಾಕಬೇಡಿ. ಅಡುಗೆಮನೆಯಲ್ಲಿ ಆಲೂಗಡ್ಡೆ, ಟೊಮೆಟೊ, ಮುಸುಕಿನ ಜೋಳ ಇರಕೂಡದು; ಮೂರೂ ಅಮೆರಿಕ ಖಂಡದಿಂದ ಯುರೋಪಿಗೆ ಬಂದದ್ದು ಕೊಲಂಬಸ್ ನಂತರ. ಕಪ್ಪು ರೈ ಬ್ರೆಡ್ಡು, ಚೀಸಿನ ಗಾಲಿ, ಸೇಬು, ಬಿಯರ್ ಪೀಪಾಯಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಹಿಟ್ಟಿನ ಗಿರಣಿ ಇರಲಿ. ಹಾಮೆಲ್ನ್ ಗಿರಣಿಗಳಿಗೆ ಹೆಸರಾದ ಊರು, ಅದರ ಲಾಂಛನದಲ್ಲೂ ಬೀಸುಕಲ್ಲಿದೆ. ಇಲಿ ಯಾಕೆ ಆ ಊರಿಗೇ ಮುತ್ತಿತು ಎಂಬುದಕ್ಕೆ ಕಾಳಿನ ಮೂಟೆಗಳ ಒಂದು ಚಿತ್ರವೇ ಉತ್ತರ ಕೊಡುತ್ತದೆ.

ಇಲಿಯ ಮಾತಿಗೆ ಬರೋಣ. ಎಷ್ಟೋ ಪುಸ್ತಕಗಳಲ್ಲಿ ಬಿಡಿಸಿರುವುದು ಗುಂಡುಮೈಯ, ಗಿಡ್ಡಬಾಲದ, ಚಿಕ್ಕಕಿವಿಯ ಕಂದು ಇಲಿಯನ್ನು. ಅದು ಯುರೋಪಿನಲ್ಲಿ ಹರಡಿದ್ದು 18ನೆಯ ಶತಮಾನದಲ್ಲಿ. 1284ರಲ್ಲಿ ಇದ್ದದ್ದು ಕಪ್ಪು ಇಲಿ: ಸಪೂರ ಮೈ, ಚೂಪು ಮೂತಿ, ಮುಂದಕ್ಕೆ ಮಡಿಸಿದರೆ ಕಣ್ಣು ಮುಚ್ಚುವಷ್ಟು ದೊಡ್ಡ ತೆಳುಕಿವಿ, ಮೈಗಿಂತ ಉದ್ದವಾದ ಬಾಲ. ಹೆಸರು ಕಪ್ಪಾದರೂ ಬಣ್ಣ ಬೂದುಗಂದು ಇರಬಹುದು. ನಮ್ಮ ಕರಾವಳಿಯ, ಮಲೆನಾಡಿನ ಹಂಚಿನ ಮನೆಗಳ ಅಟ್ಟದ ಮೇಲೆ ಓಡಾಡುವ ಇಲಿ ಇದೇ ಜಾತಿಯದು. ಆದ್ದರಿಂದ ನೋಡಿ ಬರೆಯಲು ನಿಮಗೆ ತೊಂದರೆಯಿಲ್ಲ. ಅದು ಹತ್ತುವ ಪ್ರಾಣಿ. ಚರಂಡಿಯಿಂದ ಮೇಲೆ ಬರುವ ಹಾಗೆ ಬರೆಯದೆ, ತೊಲೆಯ ಮೇಲಿಂದ, ಸೂರಿನ ಅಂಚಿನಿಂದ, ತೂಗುಹಾಕಿದ ಬುಟ್ಟಿಯ ಹಗ್ಗದ ಮೇಲಿಂದ ಇಳಿಯುವ ಹಾಗೆ ಬರೆದರೆ ಚಿತ್ರಕ್ಕೆ ಜೀವ ಬರುತ್ತದೆ.

ಬಣ್ಣದ ವಿಷಯದಲ್ಲಿ ಕಥೆಯೇ ನಿಮಗೆ ದಾರಿ ತೋರಿಸುತ್ತದೆ. ಗ್ರಿಮ್‌ನಲ್ಲಿ ಕೊಳಲುಗಾರನ ಕೋಟು ಬಣ್ಣಬಣ್ಣದ ಬಟ್ಟೆಯದು; ಬ್ರೌನಿಂಗ್‌ನಲ್ಲಿ ಅರ್ಧ ಹಳದಿ, ಅರ್ಧ ಕೆಂಪು. ಆ ಕಾಲದ ಸಾಮಾನ್ಯರ ಉಣ್ಣೆಬಟ್ಟೆ ಬಣ್ಣ ಕಟ್ಟದ ಬೂದು, ಕಂದು, ಇಲ್ಲವೇ ಮಾಸಿದ ನೀಲಿ. ಆದ್ದರಿಂದ ಇಡೀ ಊರನ್ನು ಆ ಮೂರು ಬಣ್ಣಗಳೊಳಗೆ ಇಟ್ಟು, ಅಪ್ಪಟ ಕೆಂಪು-ಹಳದಿಯನ್ನು ಕೊಳಲುಗಾರನಿಗೆ ಮಾತ್ರ ಮೀಸಲಿಡಿ. ಹೂವಿಗೂ ಸೇಬಿಗೂ ಆ ಕೆಂಪನ್ನು ಕೊಟ್ಟಿರೋ, ಅವನು ಪುಟದಲ್ಲಿ ಕಳೆದುಹೋಗುತ್ತಾನೆ. ಎರಡನೇ ಸಲ, ಮಕ್ಕಳಿಗಾಗಿ ಬರುವಾಗ, ಅವನ ವೇಷ ಬೇರೆ: ಬೇಟೆಗಾರನ ಉಡುಪು, ವಿಚಿತ್ರವಾದ ಕೆಂಪು ಟೋಪಿ, ಭಯ ಹುಟ್ಟಿಸುವ ಮುಖ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಹಳದಿ ಮಾಯವಾಗಿ ಕೆಂಪು ಟೋಪಿಯೊಂದೇ ಉಳಿದಾಗ, ಇವನು ಅದೇ ಮನುಷ್ಯ, ಆದರೆ ಮನಸ್ಸು ಬದಲಾಗಿದೆ ಎಂಬುದು ಅಕ್ಷರ ಓದಲು ಬಾರದ ಮಗುವಿಗೂ ತಿಳಿಯುತ್ತದೆ.

ಕೊಳಲನ್ನು ಅಡ್ಡಲಾಗಿ ಹಿಡಿಸಬೇಡಿ. ಅಡ್ಡಗೊಳಲು ಕಂಡ ಕೂಡಲೇ ನಮ್ಮ ಮಕ್ಕಳು ಕೃಷ್ಣ ಎನ್ನುತ್ತಾರೆ. ಹಾಮೆಲ್ನ್ ಚಿತ್ರಗಳಲ್ಲಿ ಅದು ತುದಿಯಿಂದ ಊದುವ, ನೇರವಾಗಿ ಮುಂದಕ್ಕೆ ಇಳಿಬಿದ್ದ ಕೊಳಲು. ಎರಡು ಕೈಯೂ ಕೊಳಲ ಮೇಲಿರಲಿ, ಬೆರಳ ತುದಿಗಳು ರಂಧ್ರದ ಮೇಲೆ ಚಪ್ಪಟೆಯಾಗಿ ಕೂತಿರಲಿ. ಕುವೆಂಪು ಅವರ ಜೋಗಿಯದು ತಂತಿವಾದ್ಯ, ಅವನ ಬಾಯಿ ಹಾಡಲು, ನಗಲು ಬಿಡುವಾಗಿರುತ್ತದೆ. ಈ ಕೊಳಲುಗಾರನಿಗೆ ಆ ಅನುಕೂಲವಿಲ್ಲ. ನುಡಿಸುವಾಗ ಅವನ ಭಾವವನ್ನೆಲ್ಲ ಕಣ್ಣು, ಹುಬ್ಬು, ಹೆಜ್ಜೆಯಲ್ಲೇ ತರಬೇಕು.

ದಿಕ್ಕನ್ನೂ ಗಮನಿಸಿ. ಹಳೆಯ ಊರು ವೇಸರ್ ನದಿಯ ಪೂರ್ವದಂಡೆಯಲ್ಲಿದೆ. ಉತ್ತರವನ್ನು ಮೇಲಿಟ್ಟರೆ ನದಿ ನಿಮ್ಮ ಎಡಕ್ಕೆ. ಮಕ್ಕಳು ಹೊರಟದ್ದು ಪೂರ್ವದ ಹೆಬ್ಬಾಗಿಲ ಮೂಲಕ, ಅಂದರೆ ಬಲಕ್ಕೆ. ಇಲಿಗಳು ಎಡಕ್ಕೆ, ಓದುವ ದಿಕ್ಕಿಗೆ ಎದುರಾಗಿ ನುಗ್ಗಲಿ. ಮಕ್ಕಳು ಬಲಕ್ಕೆ, ಪುಟ ತಿರುಗುವ ಕಡೆಗೆ ಹೋಗಲಿ. ಓದುವ ಮಗುವಿನ ಕೈಯೇ ಅವರನ್ನು ಮುಂದಕ್ಕೆ ಕಳಿಸಿದಂತಾಗುತ್ತದೆ. ಬ್ರೌನಿಂಗ್ ನದಿಯನ್ನು ದಕ್ಷಿಣಕ್ಕಿಟ್ಟು ಮಕ್ಕಳನ್ನು ಪಶ್ಚಿಮಕ್ಕೆ ತಿರುಗಿಸುತ್ತಾನೆ, ಆ ನಕ್ಷೆಯನ್ನು ಇದರ ಜೊತೆ ಕಲಸಬೇಡಿ.

ಪ್ರಶ್ನೆ: ಇಲಿಗೆ ಈಜು ಬರುತ್ತದಲ್ಲ, ಮತ್ತೆ ಹೇಗೆ ಮುಳುಗಿದವು? ನನ್ನ ಮಗಳು ದಿನಾ ಕೇಳುತ್ತಾಳೆ. — ಓದುಗರು, ಶಿರಸಿ

ಉತ್ತರ: ಮಗಳ ಮಾತು ಸರಿ, ಇಲಿ ಚೆನ್ನಾಗಿ ಈಜುತ್ತದೆ. ಗ್ರಿಮ್‌ನಲ್ಲಿ ಕೊಳಲುಗಾರ ಬಟ್ಟೆ ಎತ್ತಿಕಟ್ಟಿಕೊಂಡು ತಾನೇ ನೀರಿಗಿಳಿಯುತ್ತಾನೆ, ಇಲಿಗಳು ಅವನ ಹಿಂದೆ ಹೋಗುತ್ತವೆ. ಅವು ದಡ ಹುಡುಕುವುದಿಲ್ಲ, ನಾದವನ್ನಷ್ಟೇ ಹುಡುಕುತ್ತವೆ, ದಣಿದರೂ ತಿರುಗುವುದಿಲ್ಲ. ಹಾಗೆ ಹೇಳಿ. ಚಿತ್ರದಲ್ಲಿ ಸತ್ತ ಇಲಿಗಳು ಬೇಡ. ನೀರಿನ ಮೇಲೆ ಮೂತಿಗಳು, ಕಿವಿಗಳು, ಆಮೇಲೆ ಬರೀ ಉಂಗುರದ ಅಲೆಗಳು ಸಾಕು.

ಪ್ರಶ್ನೆ: ಐದು ವರ್ಷದ ಮಗ ಕೊನೆಯ ಪುಟಕ್ಕೆ ಬಂದಾಗ ಅತ್ತುಬಿಟ್ಟ. ದುಡ್ಡು ಕೊಟ್ಟ ಮೇಲೆ ಮಕ್ಕಳು ಮರಳಿ ಬಂದರು ಎಂದು ಬದಲಾಯಿಸಿ ಹೇಳಬಹುದೇ? ನಾನೇ ಒಂದು ಪುಸ್ತಕ ಬರೆಯುವ ಯೋಚನೆಯೂ ಇದೆ. — ತಾಯಿ, ಮೈಸೂರು

ಉತ್ತರ: ಮನೆಯಲ್ಲಿ ಮಗನಿಗೆ ಹೇಗೆ ಬೇಕಾದರೂ ಹೇಳಿ, ಅದು ನಿಮ್ಮ ಹಕ್ಕು. ಪುಸ್ತಕಕ್ಕೆ ಮಾತ್ರ ಆ ಬದಲಾವಣೆ ಬೇಡ ಎಂದು ಬಲವಾಗಿ ಹೇಳುತ್ತೇವೆ. ಹಣ ಕೊಟ್ಟರು, ಮಕ್ಕಳು ಬಂದರು ಎಂದಾಗ ಪುರಸಭೆ ಮಾತು ತಪ್ಪಿದ್ದಕ್ಕೆ ತೆತ್ತದ್ದು ಏನೂ ಇಲ್ಲ. ಕೊಡಬೇಕಾದ್ದನ್ನೇ ತಡವಾಗಿ ಕೊಟ್ಟಿತು, ಅಷ್ಟೇ. ಹಾಮೆಲ್ನ್ ಜನ ಇದನ್ನು ಮರೆಯದೆ ಹೇಳಿಕೊಂಡು ಬಂದದ್ದು ಮಕ್ಕಳು ಮರಳಲಿಲ್ಲ ಎಂಬ ಕಾರಣಕ್ಕೆ. ಗ್ರಿಮ್ ಪ್ರಕಾರ ಊರಿನವರು ಈ ಘಟನೆಯನ್ನು ಊರ ದಾಖಲೆಪುಸ್ತಕದಲ್ಲಿ ಬರೆಸಿ, ಮಕ್ಕಳು ಹೋದ ದಿನದಿಂದ ಕಾಲ ಎಣಿಸತೊಡಗಿದರು.

ಆದರೆ ಭಯ ಕಡಿಮೆ ಮಾಡುವ ದಾರಿಗಳು ಐತಿಹ್ಯದೊಳಗೇ ಇವೆ. ಮಕ್ಕಳು ಗುಹೆಯೊಂದರ ಮೂಲಕ ನಡೆದು ದೂರದ ಟ್ರಾನ್ಸಿಲ್ವೇನಿಯದಲ್ಲಿ ಹೊರಬಂದರು, ಅಲ್ಲೇ ನೆಲೆಸಿದರು ಎಂಬ ಮಾತನ್ನು ಗ್ರಿಮ್ ಕೂಡ ದಾಖಲಿಸಿದ್ದಾರೆ, ಬ್ರೌನಿಂಗ್ ಕೂಡ. ಆ ಭಾಗದಲ್ಲಿ ಜರ್ಮನ್ ಮಾತನಾಡುವ ಜನ ಶತಮಾನಗಳ ಕಾಲ ಇದ್ದದ್ದೂ ನಿಜ. ನಾಲ್ಕೈದು ವರ್ಷದವರಿಗೆ ಈ ಕೊನೆ ಸರಿಹೋಗುತ್ತದೆ: ಮಕ್ಕಳು ಬದುಕಿದ್ದಾರೆ, ಮನೆಗೆ ಮಾತ್ರ ಬರಲಿಲ್ಲ. ಏಳು ದಾಟಿದವರಿಗೆ ಬೆಟ್ಟದ ಬಾಗಿಲು ಮುಚ್ಚಿದಲ್ಲಿಗೇ ನಿಲ್ಲಿಸಬಹುದು.

ಮಗು ಅಳುವುದಕ್ಕೆ ಕಾರಣ ಬಹುಮಟ್ಟಿಗೆ ಕತ್ತಲೆಯಲ್ಲ. ತಪ್ಪು ಮಾಡಿದವರು ದೊಡ್ಡವರು, ಹೋದವರು ಮಕ್ಕಳು. ಆ ಲೆಕ್ಕ ಅದಕ್ಕೆ ತಿಳಿಯುತ್ತದೆ. ‘ಇದು ಅನ್ಯಾಯ ಅಲ್ವಾ?’ ಎಂದು ಮಗ ಕೇಳಿದರೆ ‘ಹೌದಪ್ಪ, ಅನ್ಯಾಯವೇ’ ಎನ್ನಿ. ಅದಕ್ಕೆ ಸಮಜಾಯಿಷಿ ಕೊಡಬೇಡಿ. ‘ಅಪರಿಚಿತರ ಹಿಂದೆ ಹೋಗಬಾರದು ಎಂದು ಇದರಿಂದ ತಿಳಿಯುತ್ತದೆ’ ಎಂಬ ಸಾಲು ಕೆಲವು ಪುಸ್ತಕಗಳ ಕೊನೆಗಿರುತ್ತದೆ. ಅದು ಪುರಸಭೆಯ ತಪ್ಪನ್ನು ಮಕ್ಕಳ ತಲೆಗೆ ಕಟ್ಟುತ್ತದೆ. ಅದನ್ನು ಹೊಡೆದುಹಾಕಿ.

ಚಿತ್ರದಲ್ಲಿ ಮಾಡಬಹುದಾದ್ದು: ಬೆಟ್ಟದ ಬಾಯಿ ಒಳಗಿನಿಂದ ಬೆಳಕಾಗಿರಲಿ, ಕಪ್ಪಾಗಿ ಬೇಡ. ಆ ಪುಟದಲ್ಲಿ ಕೊಳಲುಗಾರನನ್ನು ಹಿಂದಿನಿಂದ ತೋರಿಸಿ. ಮುಖ ಕಾಣದಿದ್ದರೆ ಕನಸಿಗೆ ಬರುವುದೂ ಕಡಿಮೆ. ಅಳುವ ತಂದೆತಾಯಿಯರ ಮುಖಗಳನ್ನು ಪುಟದ ತುಂಬ ಹಾಕಬೇಡಿ. ಓದಿ ಹೇಳುವುದನ್ನು ಮಲಗುವ ಹೊತ್ತಿಗೆ ಇಡದೆ ಹಗಲಿಗೆ ಇಟ್ಟುಕೊಳ್ಳಿ, ಮುಗಿದ ಮೇಲೆ ಕಾಲು ಗಂಟೆ ಮಾತಿಗೆ ಬಿಡುವಿರಲಿ.

ಮರಳಿದ ಇಬ್ಬರು ಮಕ್ಕಳ ಬಗ್ಗೆ ಒಂದು ಮಾತು. ಇವರನ್ನು ‘ಅಯ್ಯೋ ಪಾಪ’ ಎನ್ನುವಂತೆ ಬಿಡಿಸುವುದು ರೂಢಿ. ಕಥೆಯಲ್ಲಿ ಅವರು ಹಾಗಿಲ್ಲ. ಕಣ್ಣು ಕಾಣದ ಮಗುವಿಗೆ ಜಾಗ ತೋರಿಸಲಾಗದು, ಆದರೆ ಏನು ನಡೆಯಿತೆಂದು ಹೇಳಬಲ್ಲದು. ಮಾತು ಬಾರದ ಮಗುವಿಗೆ ಏನೂ ಕೇಳಿಸಿರಲಿಲ್ಲ, ಆದರೆ ಜಾಗವನ್ನು ತೋರಿಸಬಲ್ಲದು. ಇಬ್ಬರೂ ಸೇರಿದರೆ ಮಾತ್ರ ಊರಿಗೆ ಸತ್ಯ ತಿಳಿಯುತ್ತದೆ. ಒಂದು ಮಗು ಕೈಚಾಚಿ ಬೆಟ್ಟ ತೋರಿಸುತ್ತಿದೆ, ಇನ್ನೊಂದು ಅದರ ಭುಜ ಹಿಡಿದು ಹೇಳುತ್ತಿದೆ, ಊರಿಗೆ ಊರೇ ಬಗ್ಗಿ ಕೇಳುತ್ತಿದೆ. ಇಡೀ ಪುಸ್ತಕದಲ್ಲಿ ದೊಡ್ಡವರು ಮಕ್ಕಳ ಮಾತಿಗೆ ಕಿವಿಗೊಡುವ ಚಿತ್ರ ಇದೊಂದೇ. ಎರಡು ಪುಟ ಪೂರ್ತಿ ಅದಕ್ಕೇ ಕೊಡಿ.

ಪ್ರಶ್ನೆ: 32 ಪುಟದ ಪುಸ್ತಕ, ನಡುವೆ ಪಿನ್ ಹೊಡೆಯುವುದು ಎಂದು ತೀರ್ಮಾನಿಸಿದ್ದೇವೆ. ಕಥೆಯನ್ನು ಹೇಗೆ ಹಂಚಬೇಕು? ಕನ್ನಡ ಅಕ್ಷರಗಳ ವಿಷಯದಲ್ಲಿ ಏನು ಎಚ್ಚರಿಕೆ ಬೇಕು? — ಸಣ್ಣ ಪ್ರಕಾಶಕರು, ತುಮಕೂರು

ಉತ್ತರ: ಪುಟ 1 ಶೀರ್ಷಿಕೆಗೆ, 2 ಹಕ್ಕು-ಮುದ್ರಣದ ವಿವರಕ್ಕೆ, 3 ಊರಿನ ಪುಟ್ಟ ನಕ್ಷೆಗೆ, 32 ಹಿರಿಯರ ಟಿಪ್ಪಣಿಗೆ. ನಡುವೆ 4ರಿಂದ 31ರವರೆಗೆ ಹದಿನಾಲ್ಕು ಜೋಡಿಪುಟ ಸಿಗುತ್ತವೆ. ಇಲಿಗಳ ಕಾಟಕ್ಕೆ ಎರಡು ಜೋಡಿಪುಟ ಸಾಕು. ಮೂರು-ನಾಲ್ಕು ಕೊಟ್ಟು ತಮಾಷೆ ಬೆಳೆಸಿದವರಿಗೆ ಕೊನೆಯಲ್ಲಿ ಜಾಗ ಸಾಲುವುದಿಲ್ಲ. ಮೂರನೆಯದು ಪುರಸಭೆ, ನಾಲ್ಕು ಕೊಳಲುಗಾರ ಬಂದದ್ದು, ಐದು ಮಾತುಕತೆ, ಆರು ನಾದ ಶುರು. ಏಳನೆಯದು, ಪುಟ 16-17, ನದಿ. ಪಿನ್ ಹೊಡೆದ ಪುಸ್ತಕದಲ್ಲಿ ನಟ್ಟನಡುವಿನ ಈ ಜೋಡಿ ಒಂದೇ ಹಾಳೆ, ಚಿತ್ರ ಎರಡಾಗಿ ಒಡೆಯುವುದಿಲ್ಲ. ಅಗಲವಾದ ನದಿಯನ್ನು ಬೇರೆಲ್ಲೂ ಇಡಬೇಡಿ. ಎಂಟು-ಒಂಬತ್ತು ಕೂಲಿ ಕೇಳಿದ್ದು, ಇಲ್ಲವೆಂದದ್ದು. ಹತ್ತು, ಜೂನ್ 26ರ ಬೆಳಿಗ್ಗೆ. ದೊಡ್ಡವರು ಚರ್ಚಿನಲ್ಲಿ, ಬೀದಿ ಖಾಲಿ. ಹನ್ನೊಂದು, ಮಕ್ಕಳು ಮನೆಗಳಿಂದ ಹೊರಬರುವುದು. ಹನ್ನೆರಡು, ಓಣಿಯಿಂದ ಹೆಬ್ಬಾಗಿಲಿಗೆ. ಹದಿಮೂರು ಬೆಟ್ಟ. ಹದಿನಾಲ್ಕು, ಮರಳಿದವರು.

ನಡುಹಾಳೆ ಬಿಟ್ಟು ಉಳಿದ ಜೋಡಿಪುಟಗಳಲ್ಲಿ ಎಡ-ಬಲ ಬೇರೆ ಬೇರೆ ಹಾಳೆ. ಮಡಚುವಾಗ ಒಂದೆರಡು ಮಿಲಿಮೀಟರ್ ಏರುಪೇರು ಆಗಿಯೇ ಆಗುತ್ತದೆ. ಆ ಮಡಿಕೆಯ ಮೇಲೆ ಮುಖ, ಕೈ, ಕೊಳಲು ಬರಬಾರದು. ಮನೆಯ ಮೂಲೆ ಅಥವಾ ಹೆಬ್ಬಾಗಿಲ ಕಂಬ ಬರುವಂತೆ ಹೊಂದಿಸಿದರೆ ದೋಷ ಕಣ್ಣಿಗೆ ಬೀಳುವುದಿಲ್ಲ. ಪುಟದ ಹೊರ ಅಂಚುಗಳಲ್ಲಿ ಚಿತ್ರವನ್ನು 3 ಮಿ.ಮೀ. ಹೆಚ್ಚಿಗೆ ಬಿಡಿ.

ಒಟ್ಟು ಪದಗಳು 600ರಿಂದ 700 ಮೀರದಿರಲಿ, ಅಂದರೆ ಜೋಡಿಪುಟಕ್ಕೆ ನಲವತ್ತೈವತ್ತು. ನದಿಗೂ ಬೆಟ್ಟಕ್ಕೂ ಹತ್ತು-ಹದಿನೈದು ಪದ ಸಾಕು. ಕನ್ನಡದ ಒಂದು ಪದದೊಳಗೆ ವಿಭಕ್ತಿ, ಕಾಲ, ಒತ್ತು ಎಲ್ಲ ಅಡಕವಾಗಿರುವುದರಿಂದ ಇಂಗ್ಲಿಷ್ ಪುಸ್ತಕಗಳ ಪದಸಂಖ್ಯೆಯನ್ನು ಅಳತೆಗೋಲು ಮಾಡಿಕೊಂಡರೆ ಪುಟ ತುಂಬಿ ತುಳುಕುತ್ತದೆ.

ಅಕ್ಷರ 18 ಪಾಯಿಂಟ್, ಸಾಲಿನ ಅಂತರ 28ರಿಂದ 30. ಇದಕ್ಕಿಂತ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಹೊಸದಾಗಿ ಓದುವ ಮಗು ಅಲ್ಲೇ ಎಡವುತ್ತದೆ. ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಅಕ್ಷರ ಬಳಸುವವರು ‘ವರ್ಲ್ಡ್-ರೆಡಿ’ ಕಂಪೋಸರ್ ಆಯ್ಕೆ ಮಾಡಿಕೊಳ್ಳಲೇಬೇಕು, ಇಲ್ಲವಾದರೆ ಒತ್ತುಗಳು ಚದುರಿಹೋಗುತ್ತವೆ. ಹಳೆಯ ‘ನುಡಿ’ ತಂತ್ರಾಂಶದ ಕಡತಗಳಿಂದ ಯೂನಿಕೋಡ್‌ಗೆ ಬದಲಿಸಿದ್ದರೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಜರ್ಮನಿ, ಚರ್ಚು, ಈ ಕಥೆಯಲ್ಲಿ ‘ರ್’ಗೆ ಬರವಿಲ್ಲ. ಪಠ್ಯವನ್ನು ಕಪ್ಪು ಮಸಿ ಒಂದರಲ್ಲೇ ಅಚ್ಚು ಮಾಡಿಸಿ. ನಾಲ್ಕು ಬಣ್ಣ ಬೆರೆಸಿ ಕಪ್ಪು ಮಾಡಿದರೆ ಪ್ಲೇಟು ಕೂದಲೆಳೆ ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ. ಕಡುಬಣ್ಣದ ಮೇಲೆ ಬಿಳಿ ಅಕ್ಷರ ಬೇಡ, ಒತ್ತಕ್ಷರಗಳ ಒಳಗಿನ ಸಂದಿ ಮಸಿಯಿಂದ ತುಂಬಿಕೊಳ್ಳುತ್ತದೆ.

ಕೊನೆಗೆ ಎಣಿಕೆ. ಪಠ್ಯದಲ್ಲಿ 130 ಎಂದು ಬರೆದರೆ ಮಕ್ಕಳು ಖಂಡಿತ ಎಣಿಸುತ್ತಾರೆ. ಇಪ್ಪತ್ತೈದು ಮಕ್ಕಳಿಗೆ ಮುಖ, ಉಡುಪು, ನಡಿಗೆ ಬೇರೆ ಬೇರೆ ಕೊಟ್ಟು ಒಂದು ಹಾಳೆಯಲ್ಲಿ ಮಾದರಿ ಬರೆದಿಟ್ಟುಕೊಳ್ಳಿ. ಅವರೇ ಪುಟದಿಂದ ಪುಟಕ್ಕೆ ಸಾಗಲಿ. ಉಳಿದವರು ದೂರದ ತಲೆಗಳಾಗಲಿ, ಸಾಲಿನ ಎರಡೂ ತುದಿ ಪುಟದಾಚೆಗೆ ಹೋಗಲಿ. ಇಲ್ಲವೇ ಧೈರ್ಯ ಮಾಡಿ ಹನ್ನೆರಡನೇ ಜೋಡಿಪುಟದಲ್ಲಿ ಪೂರಾ 130 ಮಕ್ಕಳನ್ನು ಬಿಡಿಸಿ. ಕೆಲಸ ಹೆಚ್ಚು, ಆದರೆ ಆ ಸಂಖ್ಯೆಯ ಭಾರ ಕಣ್ಣಿಗೆ ಕಾಣುವುದು ಆಗಲೇ.

ಪ್ರಶ್ನೆ: ಹಳೆಯ ಚಿತ್ರಗಳನ್ನೇ ಬಳಸಬಹುದೇ? ಕುವೆಂಪು ಅವರ ಸಾಲುಗಳನ್ನು ನಡುನಡುವೆ ಸೇರಿಸಬಹುದೇ? — ಗ್ರಂಥಪಾಲಕರು, ಶಿವಮೊಗ್ಗ

ಉತ್ತರ: ಭಾರತದಲ್ಲಿ ಲೇಖಕರು, ಚಿತ್ರಕಾರರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಗ್ರಿಮ್ ಸಹೋದರರು ತೀರಿಕೊಂಡದ್ದು 1859 ಮತ್ತು 1863ರಲ್ಲಿ, ಬ್ರೌನಿಂಗ್ 1889ರಲ್ಲಿ. ಆ ಪಠ್ಯಗಳು ಎಲ್ಲರಿಗೂ ಮುಕ್ತ. ಬ್ರೌನಿಂಗ್ ಪದ್ಯಕ್ಕೆ 1888ರಲ್ಲಿ ಚಿತ್ರ ಬರೆದ ಕೇಟ್ ಗ್ರೀನವೇ 1901ರಲ್ಲಿ ತೀರಿಕೊಂಡರು, ಅವೂ ಮುಕ್ತ. ಬಳಸುವ ಮುಂಚೆ ಒಂದು ವಿಷಯ ಯೋಚಿಸಿ: ಆ ಚಿತ್ರಗಳು ಬ್ರೌನಿಂಗ್‌ನ ಕಥೆಗೆ ಬರೆದವು. ಗ್ರಿಮ್ ಪಠ್ಯದ ಪಕ್ಕ ಇಟ್ಟರೆ ಬೇಟೆಗಾರನ ವೇಷವಾಗಲಿ, ಮರಳಿದ ಇಬ್ಬರಾಗಲಿ ಅಲ್ಲಿ ಸಿಗುವುದಿಲ್ಲ.

ಕುವೆಂಪು ಅವರು ತೀರಿಕೊಂಡದ್ದು 1994ರ ನವೆಂಬರ್‌ನಲ್ಲಿ. ಅವರ ಪದ್ಯಕ್ಕೆ 2054ರ ಕೊನೆಯವರೆಗೂ ಹಕ್ಕುಸ್ವಾಮ್ಯವಿದೆ, ಹಕ್ಕುದಾರರ ಲಿಖಿತ ಒಪ್ಪಿಗೆಯಿಲ್ಲದೆ ಸೇರಿಸುವಂತಿಲ್ಲ. ಈಚಿನ ಇಂಗ್ಲಿಷ್ ಅನುವಾದಗಳಿಗೂ ಅವುಗಳದೇ ಹಕ್ಕು ಇರುತ್ತದೆ. ಹಳೆಯ ಕಥೆಯ ಹೊಸ ಅನುವಾದವನ್ನು ಕನ್ನಡಿಸಲು ಹೊರಟು ಸಿಕ್ಕಿಕೊಳ್ಳುವವರು ಕಡಿಮೆಯಿಲ್ಲ. ಜರ್ಮನ್ ಬಲ್ಲವರ ಕೈಯಲ್ಲಿ ಗ್ರಿಮ್ ಮೂಲದಿಂದಲೇ ಮಾಡಿಸುವುದು ಲೇಸು. ಪಠ್ಯ ಚಿಕ್ಕದು.

ಪ್ರಶ್ನೆ: ಹ್ಯಾನೋವರ್‌ನಲ್ಲಿದ್ದೇವೆ. ಪುಸ್ತಕ ಹಿಡಿದುಕೊಂಡು ಮಕ್ಕಳನ್ನು ಹಾಮೆಲ್ನ್‌ಗೆ ಕರೆದೊಯ್ದರೆ ಏನೇನು ನೋಡಬಹುದು? — ಓದುಗರು, ಜರ್ಮನಿ

ಉತ್ತರ: ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಬೇಸಿಗೆಯ ಭಾನುವಾರ ಆರಿಸಿಕೊಳ್ಳಿ: ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಧ್ಯಾಹ್ನ 12ಕ್ಕೆ ಮದುವೆ ಮನೆಯ ಮುಂದೆ ಊರಿನವರೇ ಕಥೆಯನ್ನು ಬಯಲಲ್ಲಿ ಆಡುತ್ತಾರೆ, ಟಿಕೆಟ್ ಇಲ್ಲ. ಇಲಿ ವೇಷದ ಪುಟಾಣಿಗಳನ್ನು ನೋಡಲು ಮುಂದಿನ ಸಾಲು ಬೇಕು, ಹದಿನೈದಿಪ್ಪತ್ತು ನಿಮಿಷ ಮೊದಲೇ ಹೋಗಿ. ಅದೇ ಕಟ್ಟಡದ ಗಂಟೆ-ಗೊಂಬೆಗಳ ಆಟ 1:05, 3:35, 5:35ಕ್ಕೆ. ಹೊರಡುವ ಮುಂಚೆ ಆ ವರ್ಷದ ವೇಳಾಪಟ್ಟಿ ನೋಡಿಕೊಳ್ಳಿ.

ಮೊದಲು ವೇಸರ್ ಸೇತುವೆಯ ಮೇಲೆ ನಿಂತು ನದಿಯ ಪುಟ ಓದಿ. ಆಮೇಲೆ ಓಸ್ಟರ್ ಬೀದಿಯಲ್ಲಿ ಪೂರ್ವಕ್ಕೆ ನಡೆಯುತ್ತಾ ಹೋದರೆ ಊರಿನ ಮ್ಯೂಸಿಯಂ, ಮುಂದೆ ಇಲಿ ಹಿಡಿಯುವವನ ಮನೆ. ಅದರ ಮುಂಭಾಗ ನೋಡಿ ತಿರುಗಿಬಿಡಬೇಡಿ, ಪಕ್ಕದ ಓಣಿಯ ಕಡೆಯ ಗೋಡೆಗೆ ಹೋಗಿ. 1284, ಜೂನ್ 26, ಬಣ್ಣಬಣ್ಣದ ಉಡುಪಿನ ಕೊಳಲುಗಾರ, 130 ಮಕ್ಕಳು, ಕೊಪ್ಪೆನ್ ಬೆಟ್ಟ, ಎಲ್ಲವನ್ನೂ ಅಲ್ಲಿ ಬರೆದಿದೆ. ಇಲಿಯ ಹೆಸರೇ ಇಲ್ಲ. ಮಕ್ಕಳ ಕೈಲೇ 130ರ ರೋಮನ್ ಅಂಕಿ ಹುಡುಕಿಸಿ. ಆ ಓಣಿಯೇ ಬುಂಗೆಲೋಸೆನ್ ಬೀದಿ. ಮಕ್ಕಳು ಹೋದದ್ದು ಅಲ್ಲಿಂದ ಎಂಬ ನಂಬಿಕೆಯಿಂದ ಅಲ್ಲಿ ವಾದ್ಯ ನುಡಿಸುವುದಿಲ್ಲ, ಕುಣಿಯುವುದಿಲ್ಲ. ಮದುವೆಯ ದಿಬ್ಬಣ ಬಂದರೂ ಆ ಓಣಿಯಲ್ಲಿ ಮೇಳ ನಿಲ್ಲಿಸುತ್ತಿದ್ದರು ಎಂದು ಗ್ರಿಮ್ ಬರೆದಿದ್ದಾರೆ. ಮಕ್ಕಳ ಕೈಯಲ್ಲಿ ಅಂಗಡಿಯಿಂದ ಕೊಂಡ ಆಟದ ಕೊಳಲಿದ್ದರೆ ಓಣಿ ದಾಟುವವರೆಗೆ ಚೀಲದಲ್ಲಿಡಿಸಿ, ಯಾಕೆಂದು ಅಲ್ಲೇ ಹೇಳಿ.